ರೆವಿಟ್‌ನಲ್ಲಿ ರೇಲಿಂಗ್ ಮತ್ತು ಬಾಲಸ್ಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಟ್ಟಡಗಳ ಮಾಡೆಲ್ ಮಾಡುವ ಸಾಫ್ಟ್‌ವೇರ್ ರೆವಿಟ್ ಕಲಿಯುವಾಗ ಗೋಡೆ, ನೆಲ, ಬಾಗಿಲು ಬೇಗ ಕೈಗೆ ಹತ್ತುತ್ತವೆ. ರೇಲಿಂಗ್ ಮಾತ್ರ ಪಳಗಿದವರನ್ನೂ ಸತಾಯಿಸುತ್ತದೆ. ಒಂದೇ ರೇಲಿಂಗಿನೊಳಗೆ ನಾಲ್ಕು ಪದರಗಳು ಇರುವುದೇ ಇದಕ್ಕೆ ಕಾರಣ. ರೇಲಿಂಗ್ ಕೂರುವ ಜಾಗ ಹೋಸ್ಟ್, ಅದು ಸಾಗುವ ಗೆರೆ ಪಾತ್, ಉದ್ದಕ್ಕೆ ಓಡುವ ಪಟ್ಟಿ ಮತ್ತು ಪೈಪುಗಳು ರೇಲ್, ನಿಂತಿರುವ ಸರಳು ಮತ್ತು ಕಂಬಗಳು ಬಾಲಸ್ಟರ್. ತಪ್ಪು ಒಂದು ಪದರದಲ್ಲಿದ್ದು ಇನ್ನೊಂದರಲ್ಲಿ ಹುಡುಕಿದರೆ ಅರ್ಧ ದಿನ ಹೋಗುತ್ತದೆ. ಕೆಳಗಿನ ಉತ್ತರಗಳಲ್ಲಿ ಮೊದಲು ತಪ್ಪು ಯಾವ ಪದರದ್ದು ಎಂದು ಹೇಳಿ, ಆಮೇಲೆ ಪರಿಹಾರ ಕೊಟ್ಟಿದ್ದೇವೆ. ಮೆನುವಿನ ಹೆಸರುಗಳು ಪರದೆಯ ಮೇಲೆ ಕಾಣುವ ಹಾಗೆಯೇ ಇವೆ.

ಪಾತ್ ಎಳೆದು ಟಿಕ್ ಒತ್ತಿದರೆ ಗೆರೆ ತುಂಡಾಗಿದೆ ಎನ್ನುತ್ತದೆ. ಎಲ್ಲವೂ ಕೂಡಿರುವ ಹಾಗೇ ಕಾಣುತ್ತದಲ್ಲ?

ಒಂದು ರೇಲಿಂಗಿಗೆ ಒಂದೇ ಸರಪಳಿ. ಬಾಲ್ಕನಿಯ ಎಡಕ್ಕೊಂದು, ಬಲಕ್ಕೊಂದು ಎಂದು ಒಂದೇ ಸ್ಕೆಚ್‌ನಲ್ಲಿ ಎರಡು ಬಿಡಿ ಗೆರೆ ಎಳೆಯುವಂತಿಲ್ಲ. ಅವು ಎರಡು ಬೇರೆ ರೇಲಿಂಗ್ ಆಗಬೇಕು. ಸರಪಳಿ ಒಂದೇ ಆಗಿದ್ದೂ ದೂರು ಬಂದರೆ ಮೂಲೆಗಳನ್ನು ದೊಡ್ಡದು ಮಾಡಿ ನೋಡಿ. ಕ್ಯಾಡ್ ಚಿತ್ರದ ಮೇಲೆ ಪಿಕ್ ಲೈನ್ಸ್ ಬಳಸಿ ಎಳೆದವರಿಗೆ ಮಿಲಿಮೀಟರಿನಷ್ಟು ಸಂದು ಅಥವಾ ಒಂದರ ಮೇಲೊಂದು ಕೂತ ಎರಡು ಗೆರೆ ಸಿಗುವುದು ಮಾಮೂಲಿ. ಟ್ರಿಮ್ ಟು ಕಾರ್ನರ್ ಹಾಕಿ, ಮೇಲೆ ಕೂತ ನಕಲು ಗೆರೆಯನ್ನು ಅಳಿಸಿ.

ಮೆಟ್ಟಿಲ ಮೇಲೆ ಎಳೆದ ರೇಲಿಂಗ್ ನೆಲದಲ್ಲೇ ಮಲಗಿದೆ. ಏಕೆ?

ಇದು ಹೋಸ್ಟ್ ತಪ್ಪು. ಸ್ಕೆಚ್ ಪಾತ್ ಮೂಲಕ ಎಳೆದ ರೇಲಿಂಗ್ ಆ ನೋಟದ ಲೆವೆಲ್ ಮೇಲೆ ಕೂರುತ್ತದೆ, ಕೆಳಗೆ ಮೆಟ್ಟಿಲಿದೆ ಎಂಬುದು ಅದಕ್ಕೆ ತಿಳಿಯದು. ರೇಲಿಂಗನ್ನು ಆರಿಸಿ, ಪಿಕ್ ನ್ಯೂ ಹೋಸ್ಟ್ ಒತ್ತಿ, ಮೆಟ್ಟಿಲನ್ನು ಮುಟ್ಟಿ. ಆಮೇಲೂ ಇಳಿಜಾರು ವಿಚಿತ್ರವಾಗಿದ್ದರೆ ತಪ್ಪು ಪಾತ್‌ನಲ್ಲಿದೆ. ಮೆಟ್ಟಿಲ ಸಾಲು ಮುಗಿದು ಲ್ಯಾಂಡಿಂಗ್ (ಎರಡು ಸಾಲುಗಳ ನಡುವಿನ ಸಮತಟ್ಟು ಜಾಗ) ಶುರುವಾಗುವ ಜಾಗದಲ್ಲಿ ಪಾತ್ ತುಂಡಾಗಿರಬೇಕು. ಅಲ್ಲಿ ಸ್ಪ್ಲಿಟ್ ಹಾಕದೆ ಒಂದೇ ಉದ್ದ ಗೆರೆ ಬಿಟ್ಟರೆ ಎಲ್ಲಿ ಏರಬೇಕು, ಎಲ್ಲಿ ಸಮತಟ್ಟಾಗಬೇಕು ಎಂದು ರೇಲಿಂಗಿಗೆ ಗೊತ್ತಾಗುವುದಿಲ್ಲ. ಗೆರೆ ಮೆಟ್ಟಿಲ ಅಂಚಿನಿಂದ ಆಚೆ ಬಿದ್ದರೂ ಇದೇ ಗತಿ, ಆದ್ದರಿಂದ ಗೆರೆಯನ್ನು ಮೆಟ್ಟಿಲ ಒಳಗೇ ಇಡಿ.

ಸಾಧ್ಯವಿದ್ದರೆ ಪ್ಲೇಸ್ ಆನ್ ಸ್ಟೇರ್ ಅನ್ನೇ ಬಳಸಿ. ಟ್ರೆಡ್ (ಕಾಲಿಡುವ ಹಲಗೆ) ಮೇಲೆ ಬೇಕೋ ಸ್ಟ್ರಿಂಗರ್ (ಮೆಟ್ಟಿಲ ಬದಿಯ ಓರೆ ತೊಲೆ) ಮೇಲೆ ಬೇಕೋ ಎಂದು ಅದು ಮೊದಲೇ ಕೇಳುತ್ತದೆ, ಗೆರೆಯನ್ನೂ ತಾನೇ ತುಂಡರಿಸುತ್ತದೆ.

ರೇಲಿಂಗ್ ಎತ್ತರ ಎಷ್ಟಿಡಬೇಕು? ಮತ್ತು ಅದನ್ನು ಎಲ್ಲಿಂದ ಅಳೆಯಬೇಕು?

ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯ 2016ರ ಆವೃತ್ತಿಯಲ್ಲಿ ಮೆಟ್ಟಿಲ ಹ್ಯಾಂಡ್‌ರೇಲ್ (ಕೈ ಹಿಡಿಯುವ ಪಟ್ಟಿ) ಎತ್ತರ 1000 ಮಿ.ಮೀ. ಅದನ್ನು ಟ್ರೆಡ್‌ನ ಮಧ್ಯದಿಂದ ಹ್ಯಾಂಡ್‌ರೇಲ್‌ನ ಮೇಲ್ಮೈವರೆಗೆ ಅಳೆಯಬೇಕು. ಬೆಂಗಳೂರಿನಲ್ಲಿ ಕೂತು ಹೊರದೇಶದ ಕಟ್ಟಡಗಳಿಗೆ ಮಾಡೆಲ್ ಮಾಡುವ ಕಚೇರಿಗಳು ಬಹಳ ಇವೆ, ಅಲ್ಲಿ ಅಂಕಿ ಬೇರೆ. ಅಮೆರಿಕದ ಕಟ್ಟಡ ಸಂಹಿತೆ ಐಬಿಸಿಯಲ್ಲಿ ತಡೆರೇಲಿಂಗ್ (ಅಂಚಿನಿಂದ ಬೀಳದಂತೆ ತಡೆಯುವ ರೇಲಿಂಗ್) 42 ಇಂಚು, ಅಂದರೆ 1067 ಮಿ.ಮೀ., ಹ್ಯಾಂಡ್‌ರೇಲ್ 34ರಿಂದ 38 ಇಂಚು. ಇಂಗ್ಲೆಂಡಿನಲ್ಲಿ ಬಾಲ್ಕನಿಗೆ 1100, ಮನೆಯೊಳಗಿನ ಮೆಟ್ಟಿಲಿಗೆ 900 ಮಿ.ಮೀ. ಒಂದು ಯೋಜನೆಯ ಟೈಪನ್ನು (ಒಂದೇ ಬಗೆಯ ರೇಲಿಂಗ್‌ಗಳೆಲ್ಲ ಹಂಚಿಕೊಳ್ಳುವ ಸೆಟ್ಟಿಂಗ್‌ಗಳ ಕಟ್ಟು) ಇನ್ನೊಂದಕ್ಕೆ ಕಾಪಿ ಮಾಡುವ ಮುನ್ನ ಈ ಅಂಕಿಯನ್ನು ತೆರೆದು ನೋಡಿ.

ಎಲ್ಲಿಂದ ಎಂಬುದು ಎಷ್ಟು ಎಂಬುದಕ್ಕಿಂತ ದೊಡ್ಡ ಪ್ರಶ್ನೆ. ಕಾಂಕ್ರೀಟ್ ಸ್ಲ್ಯಾಬ್ ಒಂದು ಫ್ಲೋರ್, ಅದರ ಮೇಲೆ ಗಾರೆ ಮತ್ತು ಟೈಲ್ಸ್ ಸೇರಿ 75 ಮಿ.ಮೀ.ನ ಇನ್ನೊಂದು ಫ್ಲೋರ್ ಎಂದಿಟ್ಟುಕೊಳ್ಳಿ. ರೇಲಿಂಗನ್ನು ಸ್ಲ್ಯಾಬಿಗೆ ಹೋಸ್ಟ್ ಮಾಡಿದರೆ, ನೀವು ಕೊಟ್ಟ 1000 ಮಿ.ಮೀ. ಟೈಲ್ಸ್ ಹಾಕಿದ ಮೇಲೆ 925 ಆಗಿರುತ್ತದೆ. ಮಾಡೆಲ್‌ನಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ, ಸೈಟ್‌ನಲ್ಲಿ ಟೇಪ್ ಹಿಡಿದವರಿಗೆ ಬೀಳುತ್ತದೆ. ಹೋಸ್ಟ್ ಯಾವಾಗಲೂ ಫಿನಿಶ್ ನೆಲವೇ ಇರಲಿ. ಕಂಬ ಕೆಳಗಿನ ಸ್ಲ್ಯಾಬಿಗೆ ಬೋಲ್ಟ್ ಆಗಬೇಕಿದ್ದರೆ ಆ ಕಂಬದ ಬೇಸ್ ಆಫ್‌ಸೆಟ್‌ಗೆ ಮಾತ್ರ ಮೈನಸ್ 75 ಕೊಡಿ.

ಒಂದು ಬಾಲ್ಕನಿಯಲ್ಲಿ ಬದಲಾಯಿಸಿದರೆ ಎಲ್ಲ ಬಾಲ್ಕನಿಗಳೂ ಬದಲಾದವು!

ಎತ್ತರ, ರೇಲ್ ಸಂಖ್ಯೆ, ಬಾಲಸ್ಟರ್ ಅಂತರ ಎಲ್ಲವೂ ಟೈಪಿಗೆ ಸೇರಿದವು. ಪ್ರತಿ ರೇಲಿಂಗಿಗೆ ಬೇರೆಯಾಗಿ ಸಿಗುವುದು ಬೇಸ್ ಲೆವೆಲ್, ಬೇಸ್ ಆಫ್‌ಸೆಟ್, ಪಾತ್‌ನಿಂದ ಸರಿಯುವ ದೂರದಂಥ ಕೆಲವು ಮಾತ್ರ. ಎಡಿಟ್ ಟೈಪ್ ತೆರೆದ ಕೂಡಲೇ ಡ್ಯೂಪ್ಲಿಕೇಟ್ ಒತ್ತುವುದನ್ನು ರೂಢಿ ಮಾಡಿಕೊಳ್ಳಿ. ಟಾಪ್ ರೇಲ್ ಮತ್ತು ಹ್ಯಾಂಡ್‌ರೇಲ್‌ಗಳಿಗೆ 2013ರ ಆವೃತ್ತಿಯಿಂದ ತಮ್ಮದೇ ಪ್ರತ್ಯೇಕ ಟೈಪ್ ಇದೆ. ರೇಲಿಂಗನ್ನು ಡ್ಯೂಪ್ಲಿಕೇಟ್ ಮಾಡಿದರೂ ಒಳಗಿನ ಟಾಪ್ ರೇಲ್ ಟೈಪ್ ಹಳೆಯದೇ ಉಳಿಯುತ್ತದೆ. ಅದರ ಪ್ರೊಫೈಲ್ (ಅಡ್ಡಕೊಯ್ತದ ಆಕಾರ) ಬದಲಿಸಿದರೆ ಅದನ್ನು ಬಳಸುವ ಎಲ್ಲ ರೇಲಿಂಗ್‌ಗಳೂ ಬದಲಾಗುತ್ತವೆ. ಹಾಗಾಗಿ ಅದನ್ನೂ ಡ್ಯೂಪ್ಲಿಕೇಟ್ ಮಾಡಿ.

ಸರಳುಗಳ ನಡುವೆ 100 ಮಿ.ಮೀ. ದಾಟದ ಹಾಗೆ ಪ್ಯಾಟರ್ನ್ ಕೂರಿಸುವುದು ಹೇಗೆ?

100 ಮಿ.ಮೀ. ಚೆಂಡು ಸರಳುಗಳ ನಡುವೆ ತೂರಬಾರದು ಎಂಬುದು ಇಂಗ್ಲೆಂಡಿನ ನಿಯಮ. ಅಮೆರಿಕದಲ್ಲಿ 4 ಇಂಚಿನ ಚೆಂಡು, ಹೆಚ್ಚುಕಡಿಮೆ ಅದೇ. ಮಗುವಿನ ತಲೆ ಎಲ್ಲ ದೇಶದಲ್ಲೂ ಒಂದೇ ಅಳತೆಯದು, ಆದ್ದರಿಂದ ನಮ್ಮ ಮನೆಗಳಿಗೂ ಇದನ್ನೇ ಹಿಡಿಯುವುದು ಒಳ್ಳೆಯದು.

ಮೊದಲು ಕಾಗದದ ಮೇಲೆ ಲೆಕ್ಕ. 50 ಮಿ.ಮೀ. ಕಂಬಗಳು, ಮಧ್ಯದಿಂದ ಮಧ್ಯಕ್ಕೆ 1200. ನಡುವೆ ಉಳಿಯುವ ಬಯಲು 1150. ಅದರಲ್ಲಿ 12 ಮಿ.ಮೀ. ಚೌಕ ಸರಳು. ಒಂಬತ್ತು ಸರಳು ಹಾಕಿದರೆ ಉಳಿಯುವ 1042 ಹತ್ತು ಸಂದುಗಳಿಗೆ ಹಂಚಿ 104.2 ಬರುತ್ತದೆ, ಸಾಲದು. ಹತ್ತು ಹಾಕಿದರೆ 1030 ಹನ್ನೊಂದು ಸಂದುಗಳಿಗೆ ಹಂಚಿ 93.6. ಇದು ಸರಿ.

ಈಗ ಇದನ್ನು ಸಾಫ್ಟ್‌ವೇರ್‌ನ ಭಾಷೆಗೆ ತರಬೇಕು. ಬಾಲಸ್ಟರ್ ಪ್ಲೇಸ್‌ಮೆಂಟ್‌ನ ಡಿಸ್ಟೆನ್ಸ್ ಫ್ರಮ್ ಪ್ರೀವಿಯಸ್ ಕೇಳುವುದು ಬಯಲನ್ನಲ್ಲ, ಮಧ್ಯದಿಂದ ಮಧ್ಯಕ್ಕೆ ಇರುವ ದೂರವನ್ನು. ಅಲ್ಲಿ ನೇರವಾಗಿ 93.6 ಹಾಕಿದವರಿಗೆ ಸರಳು ಒತ್ತೊತ್ತಾಗಿ ಬರುತ್ತದೆ, 100 ಹಾಕಿದವರಿಗೆ ಬಯಲು 88 ಬರುತ್ತದೆ. ಮೇನ್ ಪ್ಯಾಟರ್ನ್‌ನಲ್ಲಿ ಮೊದಲ ಸರಳಿಗೆ 124.6 ಕೊಡಿ (ಅರ್ಧ ಕಂಬ 25, ಸಂದು 93.6, ಅರ್ಧ ಸರಳು 6). ಆ ಸಾಲನ್ನು ಡ್ಯೂಪ್ಲಿಕೇಟ್ ಮಾಡುತ್ತಾ ಉಳಿದ ಒಂಬತ್ತಕ್ಕೆ 105.6 ಕೊಡಿ. ಹನ್ನೊಂದನೆಯ ಸಾಲಿಗೆ ಕಂಬದ ಫ್ಯಾಮಿಲಿ (ಆಕಾರವನ್ನು ಮಾಡಿಟ್ಟ ಫೈಲ್) ಹಾಕಿ ಮತ್ತೆ 124.6. ಪ್ಯಾಟರ್ನ್ ಎಂಡ್‌ಗೆ ಸೊನ್ನೆ. ಒಟ್ಟು ಉದ್ದ 1200ಕ್ಕೆ ಬಂದು ನಿಲ್ಲುತ್ತದೆ. ದಶಮಾಂಶದಿಂದಾಗಿ ಒಂದು ಮಿಲಿಮೀಟರಿನಷ್ಟು ಆಚೀಚೆಯಾದರೆ ಚಿಂತೆ ಬೇಡ.

ಬಾಲಸ್ಟರ್‌ನ ಬೇಸ್ ಹೋಸ್ಟ್, ಟಾಪ್ ಎಂಬಲ್ಲಿ ಟಾಪ್ ರೇಲ್ ಎಲಿಮೆಂಟ್ ಇರಲಿ. ಕೆಳಪಟ್ಟಿ ಇದ್ದು ಸರಳು ಅದರ ಮೇಲಿಂದ ಏಳಬೇಕಿದ್ದರೆ ಬೇಸ್‌ನಲ್ಲಿ ಆ ರೇಲ್‌ನ ಹೆಸರನ್ನೇ ಆರಿಸಬಹುದು. ಅದಕ್ಕೇ ರೇಲ್‌ಗಳಿಗೆ ಗುರುತಾಗುವ ಹೆಸರಿಡಿ. "ರೇಲ್ 1, ರೇಲ್ 2" ಎಂದು ಬಿಟ್ಟರೆ ಇಲ್ಲಿ ಬಂದು ತಡಕಾಡಬೇಕು.

ಜಸ್ಟಿಫೈ ಯಾವುದು ಆರಿಸಬೇಕು? ಕೊನೆಯಲ್ಲಿ ಖಾಲಿ ಜಾಗ ಉಳಿಯುತ್ತಿದೆ.

ಪ್ಯಾಟರ್ನ್ 1200, ಬಾಲ್ಕನಿ 5000. ನಾಲ್ಕು ಬಾರಿ ಕೂತು 200 ಮಿ.ಮೀ. ಉಳಿಯುತ್ತದೆ. ಬಿಗಿನಿಂಗ್ ಎಂದು ಕೊಟ್ಟರೆ ಆ ಉಳಿಕೆ ಕೊನೆಯಲ್ಲಿ, ಸೆಂಟರ್ ಎಂದರೆ ಎರಡೂ ಬದಿಗೆ ಹಂಚಿ. ಎಕ್ಸೆಸ್ ಲೆಂತ್ ಫಿಲ್ ಅನ್ನು ನನ್ (None, ಏನೂ ಬೇಡ) ಎಂದು ಬಿಟ್ಟರೆ ಅಲ್ಲಿ ಬೋಳು ಜಾಗ. ಟ್ರಂಕೇಟ್ ಪ್ಯಾಟರ್ನ್ ಎಂದರೆ ಹಿಡಿಸುವಷ್ಟು ಸರಳು ಬರುತ್ತವೆ.

ಸ್ಪ್ರೆಡ್ ಪ್ಯಾಟರ್ನ್ ಟು ಫಿಟ್ ನೋಡಲು ಚೆಂದ, ಎಲ್ಲ ಕಂಬಗಳೂ ಸಮ ಅಂತರದಲ್ಲಿ ಬರುತ್ತವೆ. ಆದರೆ ಅದು ದೂರಗಳನ್ನು ಹಿಗ್ಗಿಸಬಲ್ಲದು. ನಮ್ಮ 1200ರ ಪ್ಯಾಟರ್ನ್ 1250ಕ್ಕೆ ಹಿಗ್ಗಿದರೆ ಬಯಲು 98, ಪರವಾಗಿಲ್ಲ. 1300ಕ್ಕೆ ಹಿಗ್ಗಿದರೆ 102.4, ನಿಯಮ ಮುರಿಯಿತು. ಯಾವ ಎಚ್ಚರಿಕೆಯೂ ಬರುವುದಿಲ್ಲ. ಈ ಆಯ್ಕೆ ಬಳಸಿದ ಪ್ರತಿ ರೇಲಿಂಗನ್ನೂ ಎಲಿವೇಶನ್‌ನಲ್ಲಿ ಒಮ್ಮೆ ಅಳೆಯಲೇಬೇಕು.

ಮೂಲೆಯಲ್ಲಿ ಒಂದರೊಳಗೊಂದು ಎರಡು ಕಂಬ ಬಂದಿವೆ.

ಕಂಬ ಎರಡು ಕಡೆಯಿಂದ ಹುಟ್ಟುತ್ತದೆ. ಒಂದು ಮೇನ್ ಪ್ಯಾಟರ್ನ್‌ನ ಸಾಲಿನಿಂದ, ಇನ್ನೊಂದು ಕೆಳಗಿನ ಪೋಸ್ಟ್ಸ್ ಪಟ್ಟಿಯ ಸ್ಟಾರ್ಟ್, ಕಾರ್ನರ್, ಎಂಡ್ ಪೋಸ್ಟ್‌ಗಳಿಂದ. ಪ್ಯಾಟರ್ನ್ ಗೆರೆಯ ತುದಿಗೆ ಸರಿಯಾಗಿ ಮುಗಿದರೆ ಎರಡೂ ಒಂದೇ ಜಾಗದಲ್ಲಿ ನಿಲ್ಲುತ್ತವೆ. ಸ್ಪ್ರೆಡ್ ಬಳಸಿದಾಗ ಸ್ಟಾರ್ಟ್ ಪೋಸ್ಟ್ ಉಳಿಸಿಕೊಂಡು ಕಾರ್ನರ್ ಮತ್ತು ಎಂಡ್ ಎರಡನ್ನೂ ನನ್ ಮಾಡಿ.

ಬೇಡದ ಕಡೆ ಕಂಬಗಳು ಮೂಡುತ್ತಿದ್ದರೆ ಪಾತ್ ಅನೇಕ ಚಿಕ್ಕ ತುಂಡುಗಳಾಗಿದೆ ಎಂದರ್ಥ. ಕಾರ್ನರ್ ಪೋಸ್ಟ್ಸ್ ಅಟ್ ಎಂಬಲ್ಲಿ ಈಚ್ ಸೆಗ್ಮೆಂಟ್ ಎಂಡ್ ಬದಲು ಆ್ಯಂಗಲ್ಸ್ ಗ್ರೇಟರ್ ದ್ಯಾನ್ ಆರಿಸಿದರೆ ನಿಜವಾದ ತಿರುವಿನಲ್ಲಿ ಮಾತ್ರ ಕಂಬ ಬರುತ್ತದೆ.

ಮೆಟ್ಟಿಲಲ್ಲಿ ಪ್ರತಿ ಟ್ರೆಡ್‌ಗೆ ಇಂತಿಷ್ಟೇ ಸರಳು ಬೇಕು.

ಯೂಸ್ ಬಾಲಸ್ಟರ್ ಪರ್ ಟ್ರೆಡ್ ಆನ್ ಸ್ಟೇರ್ಸ್ ಗುರುತು ಹಾಕಿ, ಸಂಖ್ಯೆ ಕೊಡಿ. ಟ್ರೆಡ್ 300 ಇದ್ದು 12 ಮಿ.ಮೀ. ಸರಳಾದರೆ ಮೂರು ಬೇಕು: ಅಂತರ 100, ಬಯಲು 88. ಎರಡೇ ಹಾಕಿದರೆ ಬಯಲು 138. ಟ್ರೆಡ್ 250 ಇದ್ದು ಸರಳು 25 ಮಿ.ಮೀ. ದಪ್ಪದ್ದಾದರೆ ಎರಡು ಸರಳಿಗೆ ಬಯಲು ಸರಿಯಾಗಿ 100. ಲ್ಯಾಂಡಿಂಗ್‌ಗೆ ಈ ಲೆಕ್ಕ ಅನ್ವಯಿಸುವುದಿಲ್ಲ, ಅಲ್ಲಿ ಮೇನ್ ಪ್ಯಾಟರ್ನ್ ಬರುತ್ತದೆ. ಎರಡೂ ಹತ್ತಿರದ ಅಂತರದಲ್ಲಿರುವಂತೆ ನೋಡಿಕೊಳ್ಳದಿದ್ದರೆ ತಿರುವಿನಲ್ಲಿ ಕಣ್ಣಿಗೆ ಚುಚ್ಚುತ್ತದೆ.

ಹಿಂದಿರುಗುವ ಮೆಟ್ಟಿಲಿನ ತಿರುವಿನಲ್ಲಿ ಟಾಪ್ ರೇಲ್ ದಿಢೀರನೆ ಜಿಗಿಯುತ್ತದೆ. ಯಾವ ಸೆಟ್ಟಿಂಗ್?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ತಪ್ಪು ರೇಲಿಂಗಿನದಲ್ಲ, ಮೆಟ್ಟಿಲಿನದು.

ರೈಸರ್ (ಒಂದು ಮೆಟ್ಟಿಲಿನ ಏರು) 150, ಟ್ರೆಡ್ 300 ಎನ್ನೋಣ. ಕೆಳಗಿನ ಸಾಲಿನ ಮೆಟ್ಟಿಲ ಮೂತಿಗಳನ್ನು (ಮುಂದಿನ ಅಂಚುಗಳನ್ನು) ಸೇರಿಸುವ ಓರೆಗೆರೆ ಲ್ಯಾಂಡಿಂಗ್ ಅಂಚನ್ನು ಲ್ಯಾಂಡಿಂಗ್ ಮಟ್ಟದಲ್ಲೇ ಮುಟ್ಟುತ್ತದೆ. ಮೇಲಿನ ಸಾಲಿನ ಮೊದಲ ರೈಸರ್ ಅದೇ ಅಂಚಿನಿಂದ ಏಳುತ್ತದೆ, ಆದ್ದರಿಂದ ಅದರ ಓರೆಗೆರೆ ಅದೇ ಜಾಗದಲ್ಲಿ 150 ಮಿ.ಮೀ. ಮೇಲಿರುತ್ತದೆ. ರೇಲ್ ಈ ಎರಡು ಓರೆಗೆರೆಗಳ ಮೇಲೆ ಸಮ ಎತ್ತರದಲ್ಲಿ ಓಡಬೇಕು. ತಿರುವಿನಲ್ಲಿ ಒಂದು ರೈಸರ್‌ನಷ್ಟು ಜಿಗಿತ ಬಾರದೆ ಬೇರೆ ದಾರಿಯಿಲ್ಲ. ಬಡಗಿ ಮಾಡಿದರೂ ಹೀಗೇ ಬರುತ್ತಿತ್ತು.

ಶುದ್ಧ ಪರಿಹಾರ: ಮೇಲಿನ ಸಾಲಿನ ಮೊದಲ ರೈಸರನ್ನು ಒಂದು ಟ್ರೆಡ್‌ನಷ್ಟು, ಅಂದರೆ 300 ಮಿ.ಮೀ., ಲ್ಯಾಂಡಿಂಗ್‌ನಿಂದ ಮುಂದಕ್ಕೆ ಸರಿಸಿ. ಆಗ ಅದರ ಓರೆಗೆರೆಯನ್ನು ಹಿಂದಕ್ಕೆ ಎಳೆದರೆ ಲ್ಯಾಂಡಿಂಗ್ ಅಂಚಿನಲ್ಲಿ ಸರಿಯಾಗಿ ಲ್ಯಾಂಡಿಂಗ್ ಮಟ್ಟಕ್ಕೆ ಬರುತ್ತದೆ. ಎರಡೂ ರೇಲ್ ಒಂದೇ ಎತ್ತರದಲ್ಲಿ ಭೇಟಿಯಾಗುತ್ತವೆ, ಮೆಟ್ಟಿಲ ಕೆಳಮೈಯ ಮಡಿಕೆಯೂ ನೇರವಾಗುತ್ತದೆ. ಮೆಟ್ಟಿಲ ಕೋಣೆ 300 ಮಿ.ಮೀ. ಹೆಚ್ಚು ಉದ್ದ ಬೇಕಾಗುತ್ತದೆ, ಆದ್ದರಿಂದ ಇದನ್ನು ಪ್ಲಾನ್ ಹಂತದಲ್ಲೇ ಯೋಚಿಸಬೇಕು.

ಜಾಗ ಇಲ್ಲದಿದ್ದರೆ ಎರಡು ತೇಪೆಗಳಿವೆ. ಒಂದು, ಟೈಪ್‌ನಲ್ಲಿ ಆ್ಯಂಗಲ್ಡ್ ಜಾಯಿನ್ಸ್‌ಗೆ ಆ್ಯಡ್ ವರ್ಟಿಕಲ್/ಹಾರಿಜಾಂಟಲ್ ಸೆಗ್ಮೆಂಟ್ಸ್ ಕೊಟ್ಟು ನಡುವೆ ನೇರ ಕಂಬಿ ಬರಿಸುವುದು. ಒಂದೇ ಮೂಲೆಗೆ ಬೇಕಿದ್ದರೆ ಎಡಿಟ್ ಪಾತ್ ಒಳಗಿನ ಎಡಿಟ್ ಜಾಯಿನ್ಸ್‌ನಲ್ಲಿ ಆ ಮೂಲೆಯನ್ನು ಮಾತ್ರ ಬದಲಿಸಬಹುದು. ಎರಡು, ತಿರುವಿನಲ್ಲಿ ಎತ್ತರದ ಕಂಬ ನಿಲ್ಲಿಸಿ ಎರಡೂ ರೇಲ್‌ಗಳನ್ನು ಅದಕ್ಕೆ ಬೇರೆ ಬೇರೆ ಎತ್ತರದಲ್ಲಿ ತಾಗಿಸುವುದು. ಹಳೆಯ ಮರದ ಮೆಟ್ಟಿಲುಗಳಲ್ಲಿ ಕಾಣುವುದು ಇದೇ ಉಪಾಯ. ಲ್ಯಾಂಡಿಂಗ್ ಹೈಟ್ ಅಡ್ಜಸ್ಟ್‌ಮೆಂಟ್ ಲ್ಯಾಂಡಿಂಗ್ ಮೇಲಿನ ಭಾಗವನ್ನು ಮಾತ್ರ ಎತ್ತುತ್ತದೆ ಅಥವಾ ಇಳಿಸುತ್ತದೆ. ಜಿಗಿತವನ್ನು ಅದು ಅಳಿಸುವುದಿಲ್ಲ, ಬೇರೆಡೆಗೆ ತಳ್ಳುತ್ತದೆ.

"ರೇಲ್ ಈಸ್ ನಾಟ್ ಕಂಟಿನ್ಯೂಯಸ್" ಎಂಬ ಎಚ್ಚರಿಕೆ ಬರುತ್ತದೆ, ಹ್ಯಾಂಡ್‌ರೇಲ್ ತುಂಡಾಗಿ ಕಾಣುತ್ತದೆ.

ಮೂರು ಕಡೆ ನೋಡಿ. ಮೂಲೆಯ ಫಿಲೆಟ್ ರೇಡಿಯಸ್ (ಮೂಲೆಯನ್ನು ದುಂಡಾಗಿಸುವ ವಕ್ರದ ತ್ರಿಜ್ಯ) ಅಲ್ಲಿನ ಪುಟ್ಟ ತುಂಡಿಗಿಂತ ದೊಡ್ಡದಿದ್ದರೆ ವಕ್ರ ಹಿಡಿಸುವುದಿಲ್ಲ, ಕಡಿಮೆ ಮಾಡಿ ಅಥವಾ ಮೈಟರ್ (ಓರೆಯಾಗಿ ಕತ್ತರಿಸಿದ ಜೋಡಣೆ) ಆರಿಸಿ. ಎರಡು ಮೆಟ್ಟಿಲ ಸಾಲುಗಳ ನಡುವೆ ಸಂದು ತೀರ ಕಿರಿದಾಗಿದ್ದು ಹ್ಯಾಂಡ್‌ರೇಲ್ ಒಳಕ್ಕೆ ಸರಿದಿದ್ದರೆ ತಿರುಗಲು ಜಾಗ ಸಾಲದು, ಆಗ ಪಾತ್ ಸರಿಸಬೇಕು. ಮೂರನೆಯದು ಟ್ರಾನ್ಸಿಶನ್ ಶೈಲಿ. ರೇಲ್ ಟೈಪ್‌ನಲ್ಲಿ ಸಿಂಪಲ್, ಗೂಸ್‌ನೆಕ್, ನನ್ ಎಂಬ ಮೂರು ಇವೆ. ಎತ್ತರ ವ್ಯತ್ಯಾಸ ಹೆಚ್ಚಿರುವಲ್ಲಿ ಒಂದು ಸೋತರೆ ಇನ್ನೊಂದು ಗೆಲ್ಲುತ್ತದೆ. ಜಿಗಿತ ಇರುವ ಮೆಟ್ಟಿಲಾದರೆ ಮೊದಲು ಮೇಲಿನ ಉತ್ತರ ಓದಿ.

ನಾವೇ ಮಾಡಿದ ಬಾಲಸ್ಟರ್ ಫ್ಯಾಮಿಲಿ ರೇಲ್ ತೂರಿ ಮೇಲೆ ಬರುತ್ತದೆ.

ಟೆಂಪ್ಲೇಟ್ ತಪ್ಪು ಇರಬೇಕು, ಅಥವಾ ಆಕಾರವನ್ನು ಉಲ್ಲೇಖ ಸಮತಲಗಳಿಗೆ ಕಟ್ಟಿಲ್ಲ. ಸರಳಿಗೆ ಮೆಟ್ರಿಕ್ ಬಾಲಸ್ಟರ್, ಕಂಬಕ್ಕೆ ಮೆಟ್ರಿಕ್ ಬಾಲಸ್ಟರ್-ಪೋಸ್ಟ್, ಗಾಜು ಅಥವಾ ಜಾಲರಿಗೆ ಮೆಟ್ರಿಕ್ ಬಾಲಸ್ಟರ್-ಪ್ಯಾನೆಲ್ ಟೆಂಪ್ಲೇಟ್. ಜನರಿಕ್ ಮಾಡೆಲ್ ಆಗಿ ಮಾಡಿದ್ದು ಬಾಲಸ್ಟರ್ ಪಟ್ಟಿಯಲ್ಲೇ ಕಾಣುವುದಿಲ್ಲ. ಟೆಂಪ್ಲೇಟ್‌ನೊಳಗೆ ಎತ್ತರ ಮತ್ತು ತುದಿಯ ಓರೆಕಡಿತದ ಪ್ಯಾರಾಮೀಟರ್‌ಗಳು ಮೊದಲೇ ಇವೆ. ರೇಲಿಂಗ್ ಅವುಗಳಿಗೆ ಹೊರಗಿನಿಂದ ಬೆಲೆ ತುಂಬುತ್ತದೆ, ಆದ್ದರಿಂದ ಹೆಸರು ಬದಲಿಸಬೇಡಿ, ಅಳಿಸಲೂಬೇಡಿ. ಎಕ್ಸ್‌ಟ್ರೂಶನ್‌ನ ಮೇಲಿನ ಮತ್ತು ಕೆಳಗಿನ ಮುಖಗಳನ್ನು ಆ ಸಮತಲಗಳಿಗೆ ಅಲೈನ್ ಮಾಡಿ ಬೀಗ ಹಾಕಿ. ಫ್ಯಾಮಿಲಿಯಲ್ಲೇ ಎತ್ತರವನ್ನು 500, 1200 ಎಂದು ಬದಲಿಸಿ ನೋಡಿ. ಅಲ್ಲಿ ಮುರಿದದ್ದು ಪ್ರಾಜೆಕ್ಟಿನಲ್ಲೂ ಮುರಿಯುತ್ತದೆ.

ಗಾಜಿನ ರೇಲಿಂಗ್ ಮಾಡುವಾಗ ಕೊನೆಯ ಗಾಜು ಯಾಕೆ ಕತ್ತರಿಸಿಕೊಳ್ಳುವುದಿಲ್ಲ?

ಪ್ಯಾನೆಲ್ ಕೂಡ ಒಂದು ಬಾಲಸ್ಟರೇ. ಅದರ ಅಗಲ ಫ್ಯಾಮಿಲಿಯಲ್ಲಿ ನಿಗದಿ. ಟ್ರಂಕೇಟ್ ಎಂಬುದು ಪ್ಯಾಟರ್ನಿನ ಸಾಲನ್ನು ಕತ್ತರಿಸುತ್ತದೆ, ಗಾಜನ್ನು ಕತ್ತರಿಸದು. ಸ್ಪ್ರೆಡ್ ಕೂಡ ಗಾಜನ್ನು ಹಿಗ್ಗಿಸದು, ಗಾಜುಗಳ ನಡುವಿನ ಸಂದನ್ನು ಹಿಗ್ಗಿಸುತ್ತದೆ.

ಸಮತಟ್ಟು ಬಾಲ್ಕನಿಗೆ ನಮ್ಮ ಸಲಹೆ ಕರ್ಟನ್ ವಾಲ್ (ಪ್ಯಾನೆಲ್‌ಗಳಾಗಿ ಹಂಚಿದ ಗೋಡೆ). 1000 ಎತ್ತರದ ಕರ್ಟನ್ ವಾಲ್ ಎಳೆದು, 12 ಮಿ.ಮೀ. ಗಾಜಿನ ಪ್ಯಾನೆಲ್ ಕೊಟ್ಟು, ಗ್ರಿಡ್ ಹಾಕಿದರೆ ಪ್ರತಿ ಗಾಜಿನ ಅಗಲ ತಾನಾಗಿ ಹೊಂದುತ್ತದೆ, ಶೆಡ್ಯೂಲ್‌ನಲ್ಲಿ (ಲೆಕ್ಕಪಟ್ಟಿಯಲ್ಲಿ) ಗಾಜಿನ ವಿಸ್ತೀರ್ಣವೂ ಸಿಗುತ್ತದೆ. ಮೇಲಿನ ಪೈಪಿಗೆ ಬಾಲಸ್ಟರ್ ಇಲ್ಲದ ರೇಲಿಂಗ್ ಇಡಿ. ಮೆಟ್ಟಿಲಿನಲ್ಲಿ ಕರ್ಟನ್ ವಾಲ್ ತಂಟೆ. ಅಲ್ಲಿ ಗಾಜನ್ನೇ ಒಂದು ರೇಲ್ ಎಂದು ಭಾವಿಸಿ, 12 × 800 ಮಿ.ಮೀ. ಆಯತದ ಪ್ರೊಫೈಲ್ ಮಾಡಿ ರೇಲ್ ಸ್ಟ್ರಕ್ಚರ್‌ಗೆ ಸೇರಿಸಿ. ಗಾಜುಗಳ ನಡುವಿನ ಸಂದು ಕಾಣದು, ಆದರೆ ಇಳಿಜಾರಿನಲ್ಲಿ ಅಚ್ಚುಕಟ್ಟಾಗಿ ಓಡುತ್ತದೆ.

ಗೋಡೆಗೆ ಹಿಡಿಸಿದ ಹ್ಯಾಂಡ್‌ರೇಲ್ ಮಾತ್ರ ಬೇಕು.

ಹೊಸ ರೇಲಿಂಗ್ ಟೈಪ್ ಮಾಡಿ. ಟಾಪ್ ರೇಲ್ ಬೇಡ, ಬಾಲಸ್ಟರ್ ಮತ್ತು ಪೋಸ್ಟ್ ಎಲ್ಲ ನನ್, ಹ್ಯಾಂಡ್‌ರೇಲ್ 1 ಮಾತ್ರ. ಗೋಡೆ ಮತ್ತು ಪೈಪಿನ ನಡುವೆ ಬೆರಳು ಆಡಲು 40 ಮಿ.ಮೀ. ಬಿಡಿ. ಪೈಪ್ 50 ಆದರೆ ಅದರ ಮಧ್ಯ ಗೋಡೆಯಿಂದ 65ಕ್ಕೆ ಬರುತ್ತದೆ. ಬ್ರಾಕೆಟ್‌ಗಳು ಹ್ಯಾಂಡ್‌ರೇಲ್ ಟೈಪ್‌ನ ಸಪೋರ್ಟ್ಸ್‌ನಲ್ಲಿವೆ. ಲೇಔಟ್‌ಗೆ ಮ್ಯಾಕ್ಸಿಮಮ್ ಸ್ಪೇಸಿಂಗ್ ಕೊಟ್ಟರೆ ಸಮನಾಗಿ ಹಂಚುತ್ತದೆ. ಪೈಪ್ ಗೋಡೆಯೊಳಗೆ ಹೋದರೆ ರೇಲಿಂಗ್ ಆರಿಸಿ ಫ್ಲಿಪ್ ಬಾಣ ಒತ್ತಿ. ತುದಿ ಗೋಡೆಗೆ ಮಡಚಬೇಕಿದ್ದರೆ ಎಕ್ಸ್‌ಟೆನ್ಶನ್ ಸ್ಟೈಲ್‌ನಲ್ಲಿ ವಾಲ್. ಬೇರೆ ಆಕಾರ ಬೇಕಿದ್ದರೆ ಟ್ಯಾಬ್ ಒತ್ತಿ ಹ್ಯಾಂಡ್‌ರೇಲ್ ಮಾತ್ರ ಆರಿಸಿ, ಎಡಿಟ್ ರೇಲ್, ಎಡಿಟ್ ಪಾತ್‌ನಲ್ಲಿ ಕೈಯಾರೆ ಎಳೆಯಿರಿ.

ಪ್ಲಾನ್‌ನಲ್ಲಿ ಕಟ್ ಗೆರೆಯಾಚೆಯೂ ರೇಲಿಂಗ್ ಕಾಣುತ್ತದೆ.

ವಿಸಿಬಿಲಿಟಿ/ಗ್ರಾಫಿಕ್ಸ್ ತೆರೆದು ರೇಲಿಂಗ್ಸ್ ಅಡಿಯಲ್ಲಿ ಅಬೌವ್ ಎಂದು ಶುರುವಾಗುವ ಉಪವರ್ಗಗಳ ಗುರುತು ತೆಗೆಯಿರಿ. ಸ್ಟೇರ್ಸ್ ಅಡಿಯಲ್ಲೂ ಅಂಥವೇ ಇವೆ. ವ್ಯೂ ಟೆಂಪ್ಲೇಟ್‌ನಲ್ಲೇ ಮಾಡಿದರೆ ಒಮ್ಮೆಗೆ ಮುಗಿಯುತ್ತದೆ.

ಬಿಲ್‌ಗೆ ಸರಳುಗಳ ಎಣಿಕೆ ಶೆಡ್ಯೂಲ್‌ನಿಂದ ತೆಗೆಯಬಹುದೇ?

ರೇಲಿಂಗ್ಸ್ ಶೆಡ್ಯೂಲ್ ಉದ್ದ ಕೊಡುತ್ತದೆ. ಅದಕ್ಕೆ ಒಂದು ಕ್ಯಾಲ್ಕುಲೇಟೆಡ್ ವ್ಯಾಲ್ಯೂ ಸೇರಿಸಿ: ಉದ್ದವನ್ನು 1200 ಮಿ.ಮೀ.ನಿಂದ ಭಾಗಿಸಿ, ರೌಂಡ್‌ಅಪ್ ಮಾಡಿ, ಹತ್ತರಿಂದ ಗುಣಿಸಿ. ಸೂತ್ರದಲ್ಲಿ 1200ರ ಮುಂದೆ ಮಿ.ಮೀ. ಬರೆಯದಿದ್ದರೆ ಯೂನಿಟ್ ಹೊಂದುವುದಿಲ್ಲ ಎಂಬ ದೂರು ಬರುತ್ತದೆ. 18 ಮೀಟರ್ ನೇರ ರೇಲಿಂಗಿಗೆ 15 ಅಂಕಣ, 150 ಸರಳು, 16 ಕಂಬ. ಮೂಲೆಗಳಿರುವ ಬಾಲ್ಕನಿಗೆ ಪ್ರತಿ ಬದಿಯನ್ನೂ ಬೇರೆಯಾಗಿ ಮೇಲಕ್ಕೆ ಪೂರ್ಣಾಂಕ ಮಾಡಬೇಕು, ಒಟ್ಟು ಉದ್ದಕ್ಕೆ ಮಾಡಿದರೆ ಕಡಿಮೆ ಬರುತ್ತದೆ. ಮೆಟ್ಟಿಲಿಗೆ ಟ್ರೆಡ್ ಸಂಖ್ಯೆಯನ್ನು ಪ್ರತಿ ಟ್ರೆಡ್‌ನ ಸರಳಿನಿಂದ ಗುಣಿಸುವುದೇ ನಂಬಿಕೆಯ ದಾರಿ.

ಹೂಜಿಯಾಕಾರದ ಸಿಮೆಂಟ್ ಬಾಲಸ್ಟರ್ ಹಾಕಿದ ಮೇಲೆ ಫೈಲ್ ತೆವಳುತ್ತಿದೆ.

ಒಂದು ರಿವಾಲ್ವ್ (ಅಕ್ಷದ ಸುತ್ತ ತಿರುಗಿಸಿ ಮಾಡಿದ) ಆಕಾರದಲ್ಲಿ ಹತ್ತಾರು ವಕ್ರ ಮುಖಗಳಿರುತ್ತವೆ. ತಾರಸಿ ಸುತ್ತ ಇನ್ನೂರು ನಿಂತರೆ ಭಾರವಾಗದೆ ಇರದು. ಫ್ಯಾಮಿಲಿಯೊಳಗೆ ಎರಡು ಆಕಾರ ಇಡಿ: ನೋಟದ ವಿವರ ಮಟ್ಟ ಫೈನ್ ಇದ್ದಾಗ ಮಾತ್ರ ಕಾಣುವ ಹೂಜಿ, ಕೋರ್ಸ್ ಮತ್ತು ಮೀಡಿಯಂಗೆ ಸರಳ ಚೌಕಕಂಬ. ತಯಾರಕರ ಜಾಲತಾಣದಿಂದ ಇಳಿಸಿದ ಮೆಶ್ ಆಕಾರವನ್ನು ಬಾಲಸ್ಟರ್ ಫ್ಯಾಮಿಲಿಗೆ ಇಂಪೋರ್ಟ್ ಮಾಡಲೇಬೇಡಿ. ಅದು ರೇಲ್‌ಗೆ ತಕ್ಕಂತೆ ಎತ್ತರ ಬದಲಿಸುವುದೂ ಇಲ್ಲ.

ರೇಲಿಂಗ್ ಟೂಲ್ ಬಿಟ್ಟುಬಿಡಬೇಕಾದ ಸಂದರ್ಭ ಯಾವುದು?

ಸರಳುಗಳು ಬಳ್ಳಿಯಂತೆ ಹೆಣೆದ ಗ್ರಿಲ್, ಪ್ರತಿ ಅಂಕಣಕ್ಕೂ ಬೇರೆ ವಿನ್ಯಾಸ, ಅಥವಾ ಇಡೀ ಮನೆಯಲ್ಲಿ ಒಂದೇ ಕಡೆ ಬರುವ ವಿಚಿತ್ರ ತಿರುವು. ಇಂಥಲ್ಲಿ ಪ್ಯಾಟರ್ನ್ ಎಂಬ ನಿಯಮವೇ ಇಲ್ಲ. ಮಾಡೆಲ್ ಇನ್-ಪ್ಲೇಸ್ ತೆರೆದು ವರ್ಗವನ್ನು ರೇಲಿಂಗ್ಸ್ ಎಂದು ಕೊಟ್ಟು ಸ್ವೀಪ್ ಎಳೆಯುವುದು ಒಂದು ಗಂಟೆಯ ಕೆಲಸ. ಟೈಪ್‌ನೊಳಗೆ ಒದ್ದಾಡಿದರೆ ಒಂದು ದಿನ.

ರೆವಿಟ್‌ನಂಥದೇ ಇನ್ನೊಂದು ಸಾಫ್ಟ್‌ವೇರ್ ಆರ್ಚಿಕ್ಯಾಡ್ ಬಳಸುವವರಿಗೂ ಇದೆಲ್ಲ ಅನ್ವಯಿಸುತ್ತದೆಯೇ?

ಮೆನು ಬೇರೆ, ಲೆಕ್ಕ ಒಂದೇ. 2017ರ ಆರ್ಚಿಕ್ಯಾಡ್ 21ರಿಂದ ಅಲ್ಲೂ ಪ್ರತ್ಯೇಕ ರೇಲಿಂಗ್ ಟೂಲ್ ಇದೆ. ಒಂದು ತುಂಡನ್ನು ಮಾತ್ರ ಆರಿಸಿ ಬದಲಿಸುವುದು ಅಲ್ಲಿ ರೆವಿಟ್‌ಗಿಂತ ಸಲೀಸು. ಸಂದಿನ ಲೆಕ್ಕ, ಫಿನಿಶ್ ನೆಲದಿಂದ ಎತ್ತರ, ತಿರುವಿನ ಒಂದು ರೈಸರ್ ಜಿಗಿತ ಮಾತ್ರ ಅಲ್ಲೂ ತಪ್ಪಿದ್ದಲ್ಲ.